ಎಲ್ಲಿ ಕೇಳಿದಿರಿ, ಅದನ್ನೂ ಹೇಳಿ

(ಬೆಳಗಾವಿಯಲ್ಲಿ ಮೆಟಲ್ ಸಂಗೀತದ ಕೇಳುಗರ ಮುಂದೆ ಆಡಿದ ಮಾತುಗಳ ಬರಹ ರೂಪ)

ಮೆಟಲ್, ಅಂದರೆ ಜೋರು ಗಿಟಾರಿನ ಭಾರದ ರಾಕ್ ಸಂಗೀತ, ಕೇಳುವವರು ನಾಲ್ಕು ಜನ ಒಂದು ಕಡೆ ಕೂತರೆ ಎರಡೇ ಮಾತು. ಯಾವ ಆಲ್ಬಮ್ ದೊಡ್ಡದು, ಮತ್ತು ಯಾರು ಯಾವ ಕನ್ಸರ್ಟಿಗೆ ಹೋಗಿದ್ದರು. ಎರಡು ಸಲ ಚಹಾ ಬಂದು ಹೋದರೂ ಈ ಮಾತು ಮುಗಿಯುವುದಿಲ್ಲ. ಇದನ್ನು ಟೈಮ್ ಪಾಸ್ ಅಂತ ಕೆಲವರು ಅಂದುಕೊಳ್ಳುತ್ತಾರೆ. ನಾನು ಹಾಗೆ ಅಂದುಕೊಂಡಿಲ್ಲ. ನಮ್ಮಂಥ ಊರಿನಲ್ಲಿ ಈ ಸಂಗೀತ ಉಳಿದದ್ದೇ ಈ ಮಾತಿನಿಂದ.

ಅದಕ್ಕೇ ಆ ಮಾತನ್ನು ಸರಿಯಾಗಿ ಆಡೋಣ ಅನ್ನುವುದು ನನ್ನ ಆಸೆ. ಒಂದು ಆಲ್ಬಮ್ ಬಗ್ಗೆ ಅಭಿಪ್ರಾಯ ಹೇಳುವಾಗ ಅದನ್ನು ಎಲ್ಲಿ ಕೇಳಿದಿರಿ, ಯಾವುದರಲ್ಲಿ ಕೇಳಿದಿರಿ, ಅದನ್ನೂ ಹೇಳಿ. ಕನ್ಸರ್ಟಿನ ನೆನಪು ಹೇಳುವಾಗ ಆ ರಾತ್ರಿ ಯಾವ ಹಾಡು ನಿಮ್ಮ ಕಿವಿಯಲ್ಲಿ ಬದಲಾಯಿತು, ಅದನ್ನೂ ಹೇಳಿ. ಇವೆರಡೂ ಒಂದನ್ನೊಂದು ತಿದ್ದುತ್ತವೆ. ಬರೀ "ಭಾರಿ ಇತ್ತು ಬಿಡು" ಅಂದರೆ ಕೇಳಿದವನಿಗೆ ಏನೂ ಸಿಗುವುದಿಲ್ಲ.

ನಮ್ಮ ಊರಿನ ವಿಷಯದಿಂದ ಶುರು ಮಾಡುತ್ತೇನೆ. ಬೆಳಗಾವಿಯಿಂದ ಬೆಂಗಳೂರು ಸುಮಾರು 500 ಕಿಲೋಮೀಟರ್. ಪುಣೆ ಅದಕ್ಕಿಂತ ಹತ್ತಿರ, ಗೋವಾ ಇನ್ನೂ ಹತ್ತಿರ. ದೊಡ್ಡ ಬ್ಯಾಂಡುಗಳು ಇಲ್ಲಿ ನಿಲ್ಲುವುದಿಲ್ಲ. ಹಾಗಾಗಿ ನನ್ನ ವಯಸ್ಸಿನವರಿಗೆ ಆಲ್ಬಮ್ ಮೊದಲು ಬಂತು, ಕನ್ಸರ್ಟ್ ಎಷ್ಟೋ ವರ್ಷ ಆದ ಮೇಲೆ ಬಂತು. ಇಂಗ್ಲೆಂಡಿನ ಹುಡುಗರು ಬ್ಯಾಂಡನ್ನು ಪಬ್ಬಿನಲ್ಲಿ ಕಣ್ಣಾರೆ ನೋಡಿ ಆಮೇಲೆ ರೆಕಾರ್ಡ್ ಕೊಂಡರು. ನಾವು ಗಿಟಾರ್ ಬಾರಿಸುವವನ ಮುಖ ನೋಡುವ ಮೊದಲೇ ಅವನು ಒಂಟಿಯಾಗಿ ಬಾರಿಸುವ ಪ್ರತಿ ಸೋಲೋ ಬಾಯಲ್ಲಿ ಗುನುಗುತ್ತಿದ್ದೆವು.

ಕ್ಯಾಸೆಟ್ ಎಲ್ಲಿಂದ ಬರುತ್ತಿತ್ತು? ಪುಣೆಯಲ್ಲಿ ಓದುವ ಯಾರದೋ ಅಣ್ಣ ತರುತ್ತಿದ್ದ. ಗೋವಾದಲ್ಲಿ ಕೆಲಸಕ್ಕಿದ್ದ ಯಾರದೋ ಮಾಮಾ ತರುತ್ತಿದ್ದರು. ಕ್ಯಾಂಪಿನಲ್ಲಿ ಸೈನ್ಯದವರ ಮಕ್ಕಳು ಇರುತ್ತಿದ್ದರು. ಅಪ್ಪನಿಗೆ ವರ್ಗ ಆದ ಕೂಡಲೇ ಅವರು ಹೊರಟು ಹೋಗುತ್ತಿದ್ದರು, ಆದರೆ ಅಷ್ಟರೊಳಗೆ ಅವರ ಕ್ಯಾಸೆಟ್ಟಿನ ಕಾಪಿ ನಮ್ಮ ಕೈಯಲ್ಲಿ ಇರುತ್ತಿತ್ತು. ಇಂಜಿನಿಯರಿಂಗ್ ಹಾಸ್ಟೆಲ್‌ಗಳಿಗೆ ಈಶಾನ್ಯ ರಾಜ್ಯಗಳಿಂದ ಬಂದ ಹುಡುಗರು ಮಾತ್ರ ನಮಗಿಂತ ಬಹಳ ಮುಂದಿದ್ದರು. ಅವರಿಗೆ ಗಿಟಾರ್ ಬರುತ್ತಿತ್ತು, ನಮಗೆ ಬರೀ ಕೇಳುವುದು ಬರುತ್ತಿತ್ತು. 1993ರಲ್ಲಿ ಅಲಹಾಬಾದಿನಿಂದ ರಾಕ್ ಸ್ಟ್ರೀಟ್ ಜರ್ನಲ್ ಅನ್ನುವ ಪತ್ರಿಕೆ ಶುರುವಾಯಿತು. ಅದರ ಒಂದು ಹಳೆಯ ಪ್ರತಿ ಸಿಕ್ಕರೆ ಹತ್ತು ಕೈ ದಾಟಿ, ಹರಿದು, ಟೇಪ್ ಹಚ್ಚಿಸಿಕೊಂಡು ವಾಪಸ್ ಬರುತ್ತಿತ್ತು.

ಈಗ ಕಾಪಿ ಮಾಡುವ ವಿಷಯಕ್ಕೆ ಬರುತ್ತೇನೆ. ಇಲ್ಲಿ ಕೂತಿರುವ ಚಿಕ್ಕವರು ಸ್ವಲ್ಪ ಗಮನ ಕೊಡಿ, ಯಾಕೆಂದರೆ ನಮ್ಮ ಅರ್ಧ ಜಗಳಗಳ ಮೂಲ ಇಲ್ಲೇ ಇದೆ. ಖಾಲಿ ಕ್ಯಾಸೆಟ್ ಅಂದರೆ ಜಾಸ್ತಿ ಜನ ಕೊಳ್ಳುತ್ತಿದ್ದದ್ದು 90 ನಿಮಿಷದ್ದು. ಒಂದು ಬದಿಗೆ 45 ನಿಮಿಷ. ಒಂದು ಬದಿಗೆ ಒಂದು ಆಲ್ಬಮ್, ಇನ್ನೊಂದು ಬದಿಗೆ ಇನ್ನೊಂದು. ದುಡ್ಡು ಉಳಿಯುತ್ತಿತ್ತು. ಆದರೆ ಮೆಟಾಲಿಕಾ ಬ್ಯಾಂಡಿನ 1986ರ ಆಲ್ಬಮ್ ಮಾಸ್ಟರ್ ಆಫ್ ಪಪೆಟ್ಸ್ ಹತ್ತಿರ ಹತ್ತಿರ 55 ನಿಮಿಷ ಇದೆ. 45 ನಿಮಿಷದ ಬದಿಯಲ್ಲಿ ಅದು ಹಿಡಿಯುವುದಿಲ್ಲ.

ಹಾಗಾದರೆ ಎಲ್ಲಿ ತುಂಡಾಗುತ್ತಿತ್ತು? ಲೆಕ್ಕ ಹಾಕಿ ನೋಡಿ. ಮೊದಲ ಆರು ಹಾಡು ಸೇರಿದರೆ 41 ನಿಮಿಷದ ಹತ್ತಿರ. ಏಳನೆಯದು ಒರಾಯನ್. ಮಾತಿಲ್ಲದ, ಬರೀ ವಾದ್ಯದ ಹಾಡು, ಎಂಟು ನಿಮಿಷ ದಾಟುತ್ತದೆ. ಕೇಳಿದವರಿಗೆ ಗೊತ್ತು, ಅದರ ನಡುವೆ ಎಲ್ಲವೂ ಇಳಿದು, ಬೇಸ್ ಗಿಟಾರ್ ಒಂದೇ ನಿಧಾನವಾಗಿ ಒಂದು ರಾಗ ಶುರು ಮಾಡುತ್ತದೆ. ಆಮೇಲೆ ಒಂದೊಂದೇ ಗಿಟಾರ್ ಬಂದು ಸೇರುತ್ತದೆ. ಆ ಆಲ್ಬಮ್ಮಿನ ಜೀವ ಅಲ್ಲಿದೆ ಅಂತ ನಾನು ಅನ್ನುತ್ತೇನೆ. ನಮ್ಮ ಕಾಪಿ ಕ್ಯಾಸೆಟ್ ಹೆಚ್ಚುಕಡಿಮೆ ಸರಿಯಾಗಿ ಅಲ್ಲೇ ಮುಗಿಯುತ್ತಿತ್ತು. ಬೇಸ್ ಶುರುವಾಯಿತು ಅನ್ನುವಷ್ಟರಲ್ಲಿ ಟಕ್ ಅಂತ ಬಟನ್ ಮೇಲೆ ಬರುತ್ತಿತ್ತು.

ನನ್ನ ಗೆಳೆಯನೊಬ್ಬ ವರ್ಷಗಟ್ಟಲೆ ವಾದ ಮಾಡುತ್ತಿದ್ದ. "ಆ ಆಲ್ಬಮ್ ಕಡೀಕ ಬಂದು ದಾರಿ ತಪ್ಪೇತಿ ನೋಡು, ಒರಾಯನ್ ಸುಮ್ನ ಹಿಗ್ಗಿಸ್ಯಾರ" ಅಂತ. ಅದೇ ಆಲ್ಬಮ್ಮಿನ ಅಂಗಡಿ ಕ್ಯಾಸೆಟ್ ಇದ್ದವನು ಕೆಂಡಾಮಂಡಲ ಆಗುತ್ತಿದ್ದ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಒಬ್ಬ ಎಂಟು ನಿಮಿಷದ ಒರಾಯನ್ ಕೇಳಿದ್ದ, ಇನ್ನೊಬ್ಬ ನಾಲ್ಕು ನಿಮಿಷದ್ದು ಕೇಳಿದ್ದ. "ನೀ ಯಾವ ಕ್ಯಾಸೆಟ್ನ್ಯಾಗ ಕೇಳಿ?" ಅಂತ ಒಂದು ಪ್ರಶ್ನೆ ಕೇಳಿದ್ದರೆ ಆ ಜಗಳ ಒಂದೇ ದಿನದಲ್ಲಿ ಮುಗಿಯುತ್ತಿತ್ತು.

ಆ ಬೇಸ್ ನುಡಿಸಿದ ಕ್ಲಿಫ್ ಬರ್ಟನ್ ಅದೇ ವರ್ಷ ಸೆಪ್ಟೆಂಬರ್ 27ರಂದು ಸ್ವೀಡನ್ನಿನಲ್ಲಿ ಬಸ್ ಅಪಘಾತದಲ್ಲಿ ತೀರಿಕೊಂಡ. ಅವನಿಗೆ ಆಗ 24 ವರ್ಷ. ಅವನ ಅಂತಿಮ ವಿದಾಯದಲ್ಲಿ ಇದೇ ಒರಾಯನ್ ಹಾಕಿದ್ದರು. ಅಂಥ ಒಂದು ತುಣುಕು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇರಲೇ ಇಲ್ಲ ಅನ್ನುವುದನ್ನು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಇದಕ್ಕೆ ಪೂರ್ತಿ ಉಲ್ಟಾ ಸ್ಲೇಯರ್ ಬ್ಯಾಂಡಿನ ರೇನ್ ಇನ್ ಬ್ಲಡ್ ಆಲ್ಬಮ್. ಅದೂ 1986ರದ್ದೇ. ಹತ್ತು ಹಾಡು, ಒಟ್ಟು 29 ನಿಮಿಷದ ಒಳಗೆ. ಎಷ್ಟು ಚಿಕ್ಕದು ಅಂದರೆ ಕಂಪನಿ ಕ್ಯಾಸೆಟ್ಟಿನ ಎರಡೂ ಬದಿಗೆ ಇಡೀ ಆಲ್ಬಮ್ಮನ್ನೇ ಹಾಕಿ ಬಿಟ್ಟಿದ್ದರು. ತಿರುಗಿಸಿದರೆ ಮತ್ತೆ ಮೊದಲಿನಿಂದ. ಆ ಆಲ್ಬಮ್ಮಿಗೆ ಕೊನೆಯೇ ಇಲ್ಲ ಅನ್ನುವ ಭಾವನೆ ಕ್ಯಾಸೆಟ್ಟಿನಲ್ಲಿ ಕೇಳಿದವರಿಗೆ ಬಂದದ್ದು, ಸಿಡಿಯಲ್ಲಿ ಕೇಳಿದವರಿಗೆ ಬರಲಿಕ್ಕಿಲ್ಲ. ಕೊನೆಯ ಹಾಡಿನಲ್ಲಿ ಮಳೆ ಸದ್ದು ಬಂದು ನಿಲ್ಲುತ್ತದೆ. ಕ್ಯಾಸೆಟ್ ತಿರುಗಿಸಿದ ಕೂಡಲೇ ಮತ್ತೆ ಆ ಚೀರಾಟ. ಹಾಗೆ ಮೂರು ನಾಲ್ಕು ಸಲ ಕೇಳಿ ಎದ್ದವನ ಅಭಿಪ್ರಾಯ ಬೇರೆ, ಫೋನಿನಲ್ಲಿ ಎರಡು ಹಾಡು ಕೇಳಿ ಮುಂದೆ ಹೋದವನ ಅಭಿಪ್ರಾಯ ಬೇರೆ.

ಸೌಂಡ್ ಬಗ್ಗೆ ಇನ್ನೂ ಎರಡು ಮಾತು. ಮೆಟಾಲಿಕಾದ 1988ರ ಆಲ್ಬಮ್ ಆ್ಯಂಡ್ ಜಸ್ಟಿಸ್ ಫಾರ್ ಆಲ್ ಬಂದಾಗ ಬರ್ಟನ್ ಜಾಗಕ್ಕೆ ಜೇಸನ್ ನ್ಯೂಸ್ಟೆಡ್ ಬಂದಿದ್ದ. ಆ ಆಲ್ಬಮ್ಮಿನಲ್ಲಿ ಅವನ ಬೇಸ್ ಕೇಳಿಸುವುದೇ ಇಲ್ಲ. ಎಲ್ಲ ವಾದ್ಯದ ಸೌಂಡ್ ಸೇರಿಸಿ ಮಿಕ್ಸ್ ಮಾಡುವಾಗಲೇ ಅಷ್ಟು ಕೆಳಗೆ ಇಳಿಸಿದ್ದಾರೆ. ನಮ್ಮ ಓಣಿಯ ಒಬ್ಬ ಹುಡುಗ ತನ್ನ ಟೇಪ್ ರೆಕಾರ್ಡರ್ ಕೆಟ್ಟಿದೆ ಅಂತ ಖಡೇಬಜಾರಿನ ರಿಪೇರಿ ಅಂಗಡಿಗೆ ಒಯ್ದಿದ್ದ. ರಿಪೇರಿಯವರು ಹಿಂದಿ ಹಾಡಿನ ಕ್ಯಾಸೆಟ್ ಹಾಕಿ, ಢೋಲಕ್ ಸರಿಯಾಗಿ ಕೇಳಿಸಿ, "ಮಷೀನ್ ಚೊಲೋ ಐತಿ ತಮ್ಮಾ, ನಿನ್ನ ಕ್ಯಾಸೆಟ್ಟಿನ್ಯಾಗ ಏನೋ ಕಡಿಮಿ ಐತಿ" ಅಂದರಂತೆ. ಮೆಟಲ್ ಅಂದರೆ ಏನು ಅಂತ ಗೊತ್ತಿಲ್ಲದ ಮನುಷ್ಯ ಒಂದೇ ಸಲ ಕೇಳಿ ಸರಿಯಾದ ಮಾತು ಹೇಳಿದರು.

2003ರಲ್ಲಿ ಮೆಟಾಲಿಕಾದ್ದೇ ಸೇಂಟ್ ಆ್ಯಂಗರ್ ಬಂತು. ಡಬ್ಬ ಬಡಿದ ಹಾಗೆ ಕೇಳುವ ಸ್ನೇರ್ ಡ್ರಮ್, ಒಂದೂ ಗಿಟಾರ್ ಸೋಲೋ ಇಲ್ಲ. ಅದರ ಬಗ್ಗೆ ಜಗಳ ಆಡಿ ಆಡಿ ಎಲ್ಲರೂ ಸುಸ್ತಾಗಿದ್ದೇವೆ, ಹಾಗಾಗಿ ಮುಂದಕ್ಕೆ ಹೋಗುತ್ತೇನೆ. ಅವರ 2008ರ ಡೆತ್ ಮ್ಯಾಗ್ನೆಟಿಕ್ ವಿಷಯ ಮಾತ್ರ ಹೇಳಲೇಬೇಕು. ಆ ಆಲ್ಬಮ್ಮಿನ ಸೌಂಡನ್ನು ಎಷ್ಟು ಜೋರು ಮಾಡಿದ್ದರೆಂದರೆ ಡ್ರಮ್ಮಿನ ಪೆಟ್ಟು ಹರಿದು ಹೋಗುತ್ತಿತ್ತು. ಮೆತ್ತಗಿನ ಭಾಗಕ್ಕೂ ಜೋರಿನ ಭಾಗಕ್ಕೂ ವ್ಯತ್ಯಾಸವೇ ಉಳಿದಿರಲಿಲ್ಲ. ಇದನ್ನು ಮೊದಲು ಹಿಡಿದವರು ಯಾರು? ನಮ್ಮಂಥ ಕೇಳುಗರು. ಗಿಟಾರ್ ಹೀರೋ ಅನ್ನುವ ವಿಡಿಯೋ ಗೇಮಿಗೆ ಅದೇ ಹಾಡುಗಳನ್ನು ಕೊಟ್ಟಿದ್ದರು. ಗೇಮಿನಲ್ಲಿ ಅವು ಅಷ್ಟು ಒತ್ತಿರದೆ, ಉಸಿರಾಡುತ್ತಾ ಕೇಳಿಸಿದವು. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿ, ಸಾವಿರಾರು ಜನ ಸಹಿ ಹಾಕಿ, ಆಲ್ಬಮ್ಮನ್ನು ಮತ್ತೊಮ್ಮೆ ಮಿಕ್ಸ್ ಮಾಡಿ ಅಂತ ಕೇಳಿದರು. ಬ್ಯಾಂಡ್ ಒಪ್ಪಲಿಲ್ಲ, ಅದು ಬೇರೆ ಮಾತು. ಆದರೆ ಸೌಂಡಿನ ಜೋರು ಎಷ್ಟಿರಬೇಕು ಅನ್ನುವ ಚರ್ಚೆ ಅಲ್ಲಿಂದ ದೊಡ್ಡದಾಯಿತು. ಕೇಳುಗನ ಅಭಿಪ್ರಾಯಕ್ಕೆ ತೂಕ ಬರುವುದು ಹೀಗೆ. "ಚೆನ್ನಾಗಿಲ್ಲ" ಅನ್ನುವುದು ಸುಲಭ. ಯಾವುದರ ಪಕ್ಕ ಇಟ್ಟು ಕೇಳಿದೆ, ಎಲ್ಲಿ ಹರಿಯುತ್ತದೆ ಅಂತ ತೋರಿಸುವುದು ಕೆಲಸ.

ಇಲ್ಲಿ ಒಂದು ಕಥೆ ಹೇಳಿ ಮುಂದೆ ಹೋಗುತ್ತೇನೆ. ಈ ಸಂಗೀತಕ್ಕೆ ಇಷ್ಟು ಭಾರದ ದನಿ ಎಲ್ಲಿಂದ ಬಂತು ಅನ್ನುವುದು ಎಲ್ಲರಿಗೂ ಗೊತ್ತಿರಲಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಅಲ್ಲಿ ಟೋನಿ ಐಯೋಮಿ ಅನ್ನುವ 17 ವರ್ಷದ ಹುಡುಗ ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಬ್ಯಾಂಡ್ ಕಟ್ಟಿ ಹೊರಡಬೇಕು ಅಂತ ಕೆಲಸ ಬಿಟ್ಟ ಕೊನೆಯ ದಿನ, ಪ್ರೆಸ್ಸಿನ ಕೆಳಗೆ ಬಲಗೈ ಸಿಕ್ಕಿ ನಡುವಿನ ಎರಡು ಬೆರಳಿನ ತುದಿ ಹೋದವು. ಅವನು ಎಡಗೈಯಲ್ಲಿ ಮೀಟುವವನು. ಅಂದರೆ ತಂತಿ ಒತ್ತುವ ಕೈಯೇ ಹೋಯಿತು. ಫೋರ್‌ಮನ್ ಒಬ್ಬರು ಅವನಿಗೆ ಜಾಂಗೋ ರೈನ್‌ಹಾರ್ಟ್ ಅವರ ರೆಕಾರ್ಡ್ ತಂದುಕೊಟ್ಟರು. ಬೆಂಕಿಯಲ್ಲಿ ಸುಟ್ಟು ಎರಡು ಬೆರಳು ಸೆಟೆದು ಹೋಗಿದ್ದರೂ ಗಿಟಾರಿನಲ್ಲಿ ಹೆಸರು ಮಾಡಿದವರು ಅವರು. ಐಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ಮೇಲೆ ಚರ್ಮದ ಚೂರು ಅಂಟಿಸಿದ. ಗಟ್ಟಿ ತಂತಿ ಒತ್ತಿದರೆ ನೋವು. ಹಾಗಾಗಿ ತೆಳು ತಂತಿ ಹಾಕಿದ. ಅವನ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನ 1971ರ ಮಾಸ್ಟರ್ ಆಫ್ ರಿಯಾಲಿಟಿ ಆಲ್ಬಮ್ ಹೊತ್ತಿಗೆ ತಂತಿ ಸಡಿಲಿಸಿ ಶ್ರುತಿ ಕೆಳಗಿಳಿಸಿದ್ದ. ದನಿ ಇನ್ನೂ ತಗ್ಗಿತು, ಇನ್ನೂ ಭಾರ ಆಯಿತು. ಇವತ್ತು ಲೋಕದ ಯಾವ ಮೂಲೆಯಲ್ಲಿ ಮೆಟಲ್ ಬ್ಯಾಂಡ್ ಶ್ರುತಿ ಇಳಿಸಿ ನುಡಿಸಿದರೂ ಅದರ ಹಿಂದೆ ಆ ಗಾಯ ಇದೆ.

ಬೆಳಗಾವಿಯವರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ. ಉದ್ಯಮಬಾಗದ ಫೌಂಡ್ರಿ, ಮಷೀನ್ ಶಾಪ್‌ಗಳಲ್ಲಿ ದುಡಿದವರು ನಮ್ಮ ಮನೆಗಳಲ್ಲೇ ಇದ್ದಾರೆ. ಪ್ರೆಸ್ಸಿಗೆ ಬೆರಳು ಕೊಟ್ಟವರೂ ಇದ್ದಾರೆ. ಹಾಗೆ ಬೆರಳಿನ ತುದಿ ಕಳೆದುಕೊಂಡ ನಮ್ಮ ಕಾಕಾ ಒಬ್ಬರಿಗೆ ಈ ಕಥೆ ಹೇಳಿ, ಬ್ಲ್ಯಾಕ್ ಸಬ್ಬತ್ ಅವರ ಮೊದಲ ಆಲ್ಬಮ್ ಹಾಕಿದ್ದೆ. 1970ರ ಫೆಬ್ರವರಿ 13, ಶುಕ್ರವಾರ ಬಂದ ಆಲ್ಬಮ್. ಒಂದೇ ದಿನದಲ್ಲಿ ರೆಕಾರ್ಡ್ ಮಾಡಿದ್ದು. ಮಳೆ, ಗಂಟೆ, ಆಮೇಲೆ ಆ ಮೂರು ಸ್ವರ. ಕಾಕಾ ಸುಮ್ನೆ ಕೇಳಿದರು. ಮುಗಿದ ಮೇಲೆ "ಕಾರಖಾನಿ ಸಪ್ಪಳ ಐತಿ ಇದರಾಗ" ಅಂದರು. ಮೆಟಲ್ ಬಗ್ಗೆ ನಾನು ಓದಿದ ಎಷ್ಟೋ ವಿಮರ್ಶೆಗಿಂತ ಅದು ದೊಡ್ಡ ಮಾತು.

ಇದೇ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರ ಹೆಸರಿನ ರಂಗಮಂದಿರ ನಮ್ಮ ಊರಿನಲ್ಲಿದೆ. ಕ್ಷಯ ಬಂದು ಅವರು ವರ್ಷಗಟ್ಟಲೆ ಹಾಡಲಿಲ್ಲ. ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಯಿತು. ವಾಪಸ್ ಬಂದಾಗ ಉಸಿರಿಗೆ ತಕ್ಕ ಹಾಗೆ ಚಿಕ್ಕ ಚಿಕ್ಕ ತುಣುಕಿನಲ್ಲಿ, ಹರಿತವಾಗಿ ಹಾಡುವ ಹೊಸ ರೀತಿಯೇ ಹುಟ್ಟಿತು. ಐಯೋಮಿ ಮತ್ತು ಕುಮಾರ ಗಂಧರ್ವ ಇಬ್ಬರನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಕ್ಕೆ ಶಾಸ್ತ್ರೀಯ ಸಂಗೀತ ಕೇಳುವ ಹಿರಿಯರು ಬೇಜಾರು ಮಾಡಿಕೊಳ್ಳಬೇಡಿ. ಮೈಗೆ ಬಿದ್ದ ಪೆಟ್ಟನ್ನು ಇಬ್ಬರೂ ಮುಚ್ಚಿಡಲಿಲ್ಲ. ಅದರಿಂದಲೇ ಸಂಗೀತ ಮಾಡಿದರು. ಅದಕ್ಕೇ ಇಬ್ಬರೂ ನನಗೆ ಬೇಕು.

ಹಿರಿಯರು ಅಂದೆ. ಇಲ್ಲಿ ಕೆಲವು ಹುಡುಗರ ಅಪ್ಪ ಅಮ್ಮಂದಿರೂ ಬಂದಿದ್ದಾರೆ, ಬಹಳ ಸಂತೋಷ. ಅವರ ಮನಸ್ಸಿನಲ್ಲಿರುವ ಎರಡು ಪ್ರಶ್ನೆಗೆ ಬೇಗ ಉತ್ತರ ಕೊಡುತ್ತೇನೆ. ಒಂದು, ಇಷ್ಟು ಸಪ್ಪಳ ಯಾಕೆ? ನಮ್ಮ ಗಣಪತಿ ವಿಸರ್ಜನೆಯ ಮೆರವಣಿಗೆ ಒಂದು ದಿನ ದಾಟಿ ಮರುದಿನದವರೆಗೂ ನಡೆಯುತ್ತದೆ. ಹಲಗಿ ಬಡಿದಾಗ, ಕರಡಿ ಮಜಲು ಬಂದಾಗ ನಾವ್ಯಾರೂ ಕಿವಿ ಮುಚ್ಚಿಕೊಳ್ಳುವುದಿಲ್ಲ. ಎದೆಗೆ ಬಡಿಯುವ ಸಪ್ಪಳ ನಮಗೆ ಹೊಸದಲ್ಲ. ಎರಡನೆಯದು, ಆ ಕೊಂಬಿನ ಕೈಸನ್ನೆ. ಅದು ದೆವ್ವದ ಪೂಜೆ ಅಂತ ಹೆದರಿಕೆ ಇದೆ. ಅದನ್ನು ಮೆಟಲ್‌ನಲ್ಲಿ ಜನಪ್ರಿಯ ಮಾಡಿದವನು ರಾನಿ ಜೇಮ್ಸ್ ಡಿಯೋ, 1980ರ ಹೆವನ್ ಆ್ಯಂಡ್ ಹೆಲ್ ಆಲ್ಬಮ್ಮಿನಲ್ಲಿ ಬ್ಲ್ಯಾಕ್ ಸಬ್ಬತ್‌ಗೆ ಹಾಡಿದವನು. ಅವನ ಇಟಲಿ ಮೂಲದ ಅಜ್ಜಿ ಕೆಟ್ಟ ದೃಷ್ಟಿ ತಾಗದಿರಲಿ ಅಂತ ಹಾಗೆ ಕೈ ಮಾಡುತ್ತಿದ್ದರು. ಅವನು ಅಜ್ಜಿಯಿಂದ ಕಲಿತ. ನಿಮ್ಮ ಮನೆಯಲ್ಲಿ ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸುವುದು ಯಾವ ಕಾರಣಕ್ಕೋ, ಆ ಅಜ್ಜಿ ಮಾಡಿದ್ದೂ ಅದೇ ಕಾರಣಕ್ಕೆ.

ಈಗ ಕನ್ಸರ್ಟಿಗೆ ಬರೋಣ. 2007ರ ಮಾರ್ಚ್ 17, ಬೆಂಗಳೂರು ಅರಮನೆ ಮೈದಾನ, ಐರನ್ ಮೇಡನ್. ಆ ದಿನಾಂಕ ಹೇಳಿದರೆ ಇಲ್ಲಿ ಕೆಲವರ ಮುಖ ಬದಲಾಗುತ್ತದೆ, ನೋಡಿ, ಈಗಲೂ ಬದಲಾಯಿತು. ಅಲ್ಲಿಯವರೆಗೆ ಅಷ್ಟು ದೊಡ್ಡ ಮೆಟಲ್ ಬ್ಯಾಂಡ್, ತನ್ನ ಪೂರ್ತಿ ಕಸುವಿನಲ್ಲಿ ಇರುವಾಗ, ಪೂರ್ತಿ ಸ್ಟೇಜ್ ಹೊತ್ತುಕೊಂಡು ನಮ್ಮ ಕಡೆ ಬಂದಿರಲಿಲ್ಲ. ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ಕರಿ ಟೀಶರ್ಟಿನ ಹುಡುಗರು. ಧಾರವಾಡದಲ್ಲಿ ಇನ್ನಿಬ್ಬರು ಹತ್ತಿದರು, ಹುಬ್ಬಳ್ಳಿಯಲ್ಲಿ ಮತ್ತಷ್ಟು ಜನ. ಒಬ್ಬರಿಗೊಬ್ಬರು ಪರಿಚಯ ಇರಲಿಲ್ಲ. ಟೀಶರ್ಟ್ ನೋಡಿ ಮಾತು ಶುರು. ದಾವಣಗೆರೆ ಬರುವವರೆಗೂ ಮೇಡನ್ ಆಲ್ಬಮ್ಮುಗಳಲ್ಲಿ ಪವರ್‌ಸ್ಲೇವ್ ದೊಡ್ಡದೋ ಸೆವೆಂತ್ ಸನ್ ದೊಡ್ಡದೋ ಅಂತ ವಾದ. ಮೇಲಿನ ಬರ್ತಿನಲ್ಲಿ ಮಲಗಿದ್ದ ಹಿರಿಯರೊಬ್ಬರು ಎದ್ದು ಕೂತು, "ಯಾರ ಇಲೆಕ್ಷನ್ ಅಪಾ ಇದು?" ಅಂತ ಕೇಳಿದರು.

ಆ ರಾತ್ರಿಯ ನೆನಪು ಬಹಳ ಜನ ಹೇಳುತ್ತಾರೆ. ನಾನು ಮೂರು ವಿಷಯ ಮಾತ್ರ ಹೇಳುತ್ತೇನೆ. ಮೊದಲನೆಯದು, ಬ್ಯಾಂಡ್ ಸ್ಟೇಜಿಗೆ ಬರುವ ಸ್ವಲ್ಪ ಮುಂಚೆ ಸ್ಪೀಕರಿನಲ್ಲಿ ಯುಎಫ್ಒ ಬ್ಯಾಂಡಿನ ಡಾಕ್ಟರ್ ಡಾಕ್ಟರ್ ಹಾಡು ಬರುತ್ತದೆ. ಮೇಡನ್ ಕನ್ಸರ್ಟುಗಳಲ್ಲಿ ಇದು ರೂಢಿ. ಗೊತ್ತಿದ್ದವರು ಕೂಗಲು ಶುರು ಮಾಡಿದರು. ಗೊತ್ತಿಲ್ಲದವರು ತಿರುಗಿ ನೋಡಿದರು. ಗೊತ್ತಿದ್ದವರು ಪಕ್ಕದವರಿಗೆ ಹೇಳಿದರು, ಅವರು ಇನ್ನೊಬ್ಬರಿಗೆ. ಎರಡೇ ನಿಮಿಷದಲ್ಲಿ ಆ ಸುದ್ದಿ ಇಡೀ ಮೈದಾನ ದಾಟಿತು. ಒಂದು ಸಂಪ್ರದಾಯ ಕಣ್ಣ ಮುಂದೆಯೇ ಒಂದು ಊರಿನಿಂದ ಇನ್ನೊಂದು ಊರಿಗೆ ದಾಟಿದ್ದನ್ನು ನಾನು ಅಲ್ಲಿ ನೋಡಿದೆ.

ಎರಡನೆಯದು, ಹೊಸ ಹಾಡುಗಳು. 2006ರ ಎ ಮ್ಯಾಟರ್ ಆಫ್ ಲೈಫ್ ಆ್ಯಂಡ್ ಡೆತ್ ಆಲ್ಬಮ್ಮಿನ ಐದು ಹಾಡು ಅವತ್ತು ಇದ್ದವು. ಈ ಆಲ್ಬಮ್ಮನ್ನು ಬ್ಯಾಂಡಿನ ಬೇಸ್ ವಾದಕ ಸ್ಟೀವ್ ಹ್ಯಾರಿಸ್ ಬೇಕೆಂದೇ ಮಾಸ್ಟರಿಂಗ್, ಅಂದರೆ ಸೌಂಡಿನ ಕೊನೆಯ ತಿದ್ದುಪಡಿ, ಮಾಡಿಸದೆ, ಸ್ಟುಡಿಯೋದಲ್ಲಿ ಬಂದ ಹಾಗೆಯೇ ಬಿಡುಗಡೆ ಮಾಡಿಸಿದ್ದ. ಆಗಲೇ ಹೇಳಿದ ಡೆತ್ ಮ್ಯಾಗ್ನೆಟಿಕ್‌ಗೆ ಪೂರ್ತಿ ಎದುರು ದಿಕ್ಕು. ಎಂಪಿ3 ಮಾಡಿ, ಕಂಪ್ಯೂಟರಿನ ಚಿಕ್ಕ ಸ್ಪೀಕರಿನಲ್ಲಿ ಕೇಳಿದ ನಮ್ಮ ಗುಂಪಿನವರಿಗೆ ಅದು ಮಂಕಾಗಿ ಕೇಳಿತ್ತು. ಉದ್ದುದ್ದ ಹಾಡು, ಯುದ್ಧದ ಬಗ್ಗೆ, ದೇವರ ಹೆಸರಲ್ಲಿ ಕೊಲ್ಲುವುದರ ಬಗ್ಗೆ. ಮೈದಾನದಲ್ಲಿ ಅಣುಬಾಂಬಿನ ಬಗ್ಗೆ ಇರುವ ಬ್ರೈಟರ್ ದ್ಯಾನ್ ಎ ಥೌಸಂಡ್ ಸನ್ಸ್ ಶುರುವಾದಾಗ ಮೂರು ಗಿಟಾರ್ ಮೂರು ಕಡೆಯಿಂದ ಬಂದವು. ಯಾರು ಯಾವ ಸಾಲು ನುಡಿಸುತ್ತಾರೆ ಅಂತ ಕಣ್ಣಿಗೆ ಕಂಡಿತು. ಮೂರು ಗಿಟಾರ್ ಯಾಕೆ ಬೇಕು ಅನ್ನುವ ನಮ್ಮ ಹಳೆಯ ವಾದ ಅಲ್ಲೇ ಮುಗಿಯಿತು. ವಾಪಸ್ ಬಂದು ಒಳ್ಳೆಯ ಹೆಡ್‌ಫೋನಿನಲ್ಲಿ ಮತ್ತೆ ಕೇಳಿದರೆ ಅದೇ ಆಲ್ಬಮ್ ತೆರೆದುಕೊಂಡಿತು. ಇವತ್ತು ನನ್ನನ್ನು ಕೇಳಿದರೆ, 2000ದಿಂದ ಈಚೆಗಿನ ಮೇಡನ್ ಆಲ್ಬಮ್ಮುಗಳಲ್ಲಿ ಅದೇ ಮೊದಲನೆಯದು. ಬ್ರೇವ್ ನ್ಯೂ ವರ್ಲ್ಡ್ ಆಲ್ಬಮ್ಮೇ ಮೊದಲನೆಯದು ಅನ್ನುವವರು ಇದ್ದೀರಿ, ಗೊತ್ತು. ಆಮೇಲೆ ಮಾತಾಡೋಣ.

ಮೂರನೆಯದು ಫಿಯರ್ ಆಫ್ ದ ಡಾರ್ಕ್. 1992ರ ಅದೇ ಹೆಸರಿನ ಆಲ್ಬಮ್ ನನ್ನ ಮಟ್ಟಿಗೆ ಸಾಧಾರಣ. ಆ ಹಾಡೂ ಸ್ಟುಡಿಯೋದಲ್ಲಿ ತಣ್ಣಗಿದೆ. ಆದರೆ ಜನ ಅದರ ಗಿಟಾರ್ ರಾಗವನ್ನೇ ಬಾಯಲ್ಲಿ ಹಾಡುತ್ತಾರೆ. ಮಾತಿಗೆ ಇಂಗ್ಲಿಷ್ ಬೇಕು, ರಾಗಕ್ಕೆ ಏನೂ ಬೇಕಿಲ್ಲ. ನನ್ನ ಒಂದು ಪಕ್ಕದಲ್ಲಿ ಮರಾಠಿ ಮಾತಾಡುವವನು, ಇನ್ನೊಂದು ಪಕ್ಕದಲ್ಲಿ ನಾಗಾಲ್ಯಾಂಡಿನವನು. ಇಡೀ ಮೈದಾನ ಒಂದೇ ರಾಗ ಹಿಡಿದಿತ್ತು. ಭಾಷೆಯ ಜಗಳ ನಮ್ಮ ಊರಿನಲ್ಲಿ ಎಷ್ಟು ನೋವು ಕೊಟ್ಟಿದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಆ ಹಾಡಿನ ಮಟ್ಟಿಗೆ ಆಲ್ಬಮ್ಮಿನದ್ದು ಬರೀ ಕರಡು, ಪೂರ್ತಿಯಾದ ಹಾಡು ಜನರ ಬಾಯಲ್ಲಿದೆ.

2011ರ ಮೆಟಾಲಿಕಾ ರಾತ್ರಿ ಬೇರೆ ಥರ. ಅಕ್ಟೋಬರ್ 28ಕ್ಕೆ ಗುರುಗ್ರಾಮದಲ್ಲಿ ಆಗಬೇಕಿದ್ದ ಕನ್ಸರ್ಟ್ ರದ್ದಾಯಿತು. ಸಿಟ್ಟಿಗೆದ್ದ ಜನ ಸ್ಟೇಜ್ ಹತ್ತಿ ಸಾಮಾನು ಒಡೆದರು. ಬೆಂಗಳೂರಿನದು 30ಕ್ಕೆ. ಇಲ್ಲಿಂದ ಬಸ್ ಹತ್ತುವಾಗಲೇ ಎಲ್ಲರ ಎದೆಯಲ್ಲಿ ಡವಡವ. ಇದೂ ರದ್ದಾದರೆ? ರದ್ದಾಗಲಿಲ್ಲ. ಆ ರಾತ್ರಿ ಅವರು ಒನ್ ನುಡಿಸಿದರು. ಆಗಲೇ ಹೇಳಿದೆನಲ್ಲ, ಬೇಸ್ ಇಲ್ಲದ 1988ರ ಆಲ್ಬಮ್, ಅದರದ್ದೇ ಹಾಡು. ಗುಂಡಿನ ಸದ್ದು, ಬೆಂಕಿ, ಆಮೇಲೆ ಆ ಮೆತ್ತನೆಯ ಶುರು. ಈಗ ಬೇಸ್ ಹಿಡಿದವನು ರಾಬರ್ಟ್ ಟ್ರುಹಿಯೋ. ಕೊನೆಯ ಭಾಗದ ಆ ಮಷಿನ್ ಗನ್ ಲಯ ಬಂದಾಗ ಬೇಸ್ ಕಾಲಿನಿಂದ ಹತ್ತಿ ಪಕ್ಕೆಲುಬಿಗೆ ಬಂತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಆಲ್ಬಮ್ಮಿನಲ್ಲಿ ಇಲ್ಲದ್ದು ಮೈದಾನದಲ್ಲಿ ಸಿಕ್ಕಿತು. ದಿಲ್ಲಿಯಿಂದ ಬಂದಿದ್ದ ಒಬ್ಬ ಹುಡುಗ ನನ್ನ ಪಕ್ಕದಲ್ಲಿ ನಿಂತು ಅಳುತ್ತಿದ್ದ. ಎರಡು ದಿನದಲ್ಲಿ ಅವನು ಅನುಭವಿಸಿದ್ದನ್ನು ನೆನೆದರೆ ಅಳು ಬಂದದ್ದು ಸಹಜ.

ಸ್ಲೇಯರ್ 2012ರ ಅಕ್ಟೋಬರಿನಲ್ಲಿ ಬೆಂಗಳೂರಿಗೆ ಬಂದಾಗ ಅದರ ಗಿಟಾರ್ ವಾದಕ ಜೆಫ್ ಹ್ಯಾನಮನ್ ಇರಲಿಲ್ಲ. ಕೈಯ ಸೋಂಕಿನಿಂದ ಅವನು ಪ್ರವಾಸ ಬಿಟ್ಟಿದ್ದ. ಅವನ ಜಾಗದಲ್ಲಿ ಗ್ಯಾರಿ ಹೋಲ್ಟ್ ನುಡಿಸಿದ. ಮುಂದಿನ ಮೇ 2ರಂದು ಹ್ಯಾನಮನ್ ತೀರಿಕೊಂಡ. ನಾವು ಅವನ ಹಾಡು ಕೇಳಿದೆವು, ಅವನನ್ನು ನೋಡಲಿಲ್ಲ. ಇದನ್ನೂ ಕನ್ಸರ್ಟಿನ ನೆನಪು ಅಂತಲೇ ನಾನು ಲೆಕ್ಕ ಹಿಡಿಯುತ್ತೇನೆ. ಸ್ಟೇಜಿನ ಮೇಲೆ ಯಾರು ಇರಲಿಲ್ಲ ಅನ್ನುವುದೂ ನೆನಪಿನಲ್ಲಿ ಇರಬೇಕು.

ದೊಡ್ಡ ಹೆಸರುಗಳನ್ನೇ ಹೇಳುತ್ತಾ ಹೋದರೆ ನಮ್ಮವರಿಗೆ ಅನ್ಯಾಯ. ಬೆಂಗಳೂರಿನ ಕ್ರಿಪ್ಟೋಸ್ 1998ರಲ್ಲಿ ಶುರುವಾದ ಬ್ಯಾಂಡ್. ಅವರ ಮೊದಲ ಆಲ್ಬಮ್ ಸ್ಪೈರಲ್ ಅಸೆಂಟ್ 2004ರಲ್ಲಿ ಬಂತು. 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿದರು. ವಾಕನ್ ಅನ್ನುವುದು ಒಂದು ಸಣ್ಣ ಹಳ್ಳಿ, ಸುಮಾರು 2000 ಜನ ಇರಬಹುದು. 1990ರಿಂದ ಅಲ್ಲಿನ ಹೊಲಗಳಲ್ಲಿ ಲೋಕದ ದೊಡ್ಡ ಮೆಟಲ್ ಜಾತ್ರೆ ನಡೆಯುತ್ತಿದೆ. ಹಳ್ಳಿಯ ಅಗ್ನಿಶಾಮಕ ದಳದ ವಾದ್ಯದವರೂ ಅಲ್ಲಿ ನುಡಿಸುತ್ತಾರೆ. ಹೊಲ ಇದೆ, ರಸ್ತೆ ಇದೆ, ಜನರ ಮನಸ್ಸಿದೆ. ನಮ್ಮ ಕಡೆ ಯಾಕೆ ಆಗಬಾರದು ಅಂತ ನಾನು ಪ್ರತಿ ಸಲ ಕೇಳುತ್ತೇನೆ, ಇವತ್ತೂ ಕೇಳುತ್ತಿದ್ದೇನೆ. ಕ್ರಿಪ್ಟೋಸ್ ಅವರ 2016ರ ಬರ್ನ್ ಅಪ್ ದ ಸ್ಕೈ ಕೇಳದವರು ಮನೆಗೆ ಹೋಗಿ ಕೇಳಿ. 80ರ ದಶಕದ ಜೋಡಿ ಗಿಟಾರ್ ಕಟ್ಟುವ ರೀತಿ ಗೊತ್ತಿದ್ದವರು ಮಾಡಿದ ಕೆಲಸ ಅದು.

ನೆನಪಿನ ಬಗ್ಗೆ ಒಂದು ಚಿಂತೆ ಇದೆ, ಅದನ್ನು ಹೇಳಿ ನಿಲ್ಲಿಸುತ್ತೇನೆ. ಈಗ ಕನ್ಸರ್ಟ್ ಮುಗಿಯುವ ಮೊದಲೇ ವಿಡಿಯೋ ಬಂದಿರುತ್ತದೆ. 2008ರ ಫೆಬ್ರವರಿ 1ರಂದು ಮೇಡನ್ ಮುಂಬೈಯಲ್ಲಿ ನುಡಿಸಿತು. ಬ್ಯಾಂಡಿನ ಹಾಡುಗಾರ ಬ್ರೂಸ್ ಡಿಕಿನ್ಸನ್ ತಾನೇ ವಿಮಾನ ಹಾರಿಸಿಕೊಂಡು ಬಂದ ಆ ಪ್ರವಾಸದ ಮೊದಲ ಕನ್ಸರ್ಟ್ ಅದು. ಅದು ಮುಂದೆ ಫ್ಲೈಟ್ 666 ಅನ್ನುವ ಸಾಕ್ಷ್ಯಚಿತ್ರದಲ್ಲಿ ಬಂತು. ಅಲ್ಲಿಗೆ ಹೋಗಿದ್ದ ನನ್ನ ಗೆಳೆಯನನ್ನು ಈಗ ಕೇಳಿದರೆ ಅವನು ಹೇಳುವುದು ಚಿತ್ರದಲ್ಲಿ ಇರುವುದನ್ನೇ. ಕ್ಯಾಮೆರಾ ಎಲ್ಲಿಂದ ನೋಡಿತೋ ಅಲ್ಲಿಂದ. ಅವನು ನಿಂತಿದ್ದದ್ದು ಎಲ್ಲೋ ಹಿಂದೆ, ಕಂಬದ ಪಕ್ಕ, ಧೂಳಿನಲ್ಲಿ. ಆ ನೆನಪು ಅವನ ಕೈಯಿಂದ ಜಾರಿ ಹೋಗಿದೆ. ಅದಕ್ಕೇ ಕಿರಿಯರಿಗೆ ನನ್ನ ಕೋರಿಕೆ. ಕನ್ಸರ್ಟಿನಿಂದ ಬಂದ ಮೇಲೆ ವಿಡಿಯೋ ನೋಡುವ ಮೊದಲು ಯಾರಿಗಾದರೂ ಹೇಳಿ, ಇಲ್ಲಾ ಬರೆದಿಡಿ. ಯಾವ ಹಾಡು ಯಾವುದರ ನಂತರ ಬಂತು ಅನ್ನುವುದು ಎಲ್ಲಾದರೂ ಸಿಗುತ್ತದೆ. ಪಕ್ಕದಲ್ಲಿ ನಿಂತವನು ಯಾರು, ಎಲ್ಲಿಂದ ಬಂದಿದ್ದ, ಯಾವ ಸಾಲಿಗೆ ಜೋರಾಗಿ ಹಾಡಿದ, ಅದು ಎಲ್ಲೂ ಸಿಗುವುದಿಲ್ಲ.

2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕಿನಲ್ಲಿ ಬ್ಲ್ಯಾಕ್ ಸಬ್ಬತ್‌ನ ಮೊದಲ ನಾಲ್ವರು ಕೊನೆಯ ಸಲ ಸೇರಿದರು. ಓಝಿ ಆಸ್ಬರ್ನ್ ಸಿಂಹಾಸನದಲ್ಲಿ ಕೂತು ಹಾಡಿದ. ಎದ್ದು ನಿಲ್ಲಲು ಆಗುತ್ತಿರಲಿಲ್ಲ. ನಾವು ಕೆಲವರು ಒಬ್ಬರ ಮನೆಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ನೋಡಿದೆವು. ಜುಲೈ 22ಕ್ಕೆ ಅವನು ತೀರಿಕೊಂಡ. ಮರುದಿನ ಸಂಜೆ ಫೋನಿನಲ್ಲಿ ಎಲ್ಲರೂ ಒಂದೇ ಪ್ರಶ್ನೆ ಕೇಳಿದರು, ನೀನು ಅವನ ದನಿ ಮೊದಲು ಕೇಳಿದ್ದು ಎಲ್ಲಿ? ಒಬ್ಬ ಗೋವಾದ ಬಸ್ಸಿನಲ್ಲಿ ಅಂದ. ಒಬ್ಬ ಹಾಸ್ಟೆಲಿನ ಟೆರೇಸಿನ ಮೇಲೆ ಅಂದ. ಒಬ್ಬಳು, ಅಣ್ಣನ ಕಪಾಟಿನಲ್ಲಿ ಕದ್ದು ತೆಗೆದ ಕ್ಯಾಸೆಟ್ಟಿನಲ್ಲಿ ಅಂದಳು.

ಹೊಸದಾಗಿ ಕೇಳುವವರು ಎಲ್ಲಿಂದ ಶುರು ಮಾಡಬೇಕು ಅಂತ ಚೀಟಿಯಲ್ಲಿ ಒಬ್ಬರು ಕೇಳಿದ್ದಾರೆ. ಸಬ್ಬತ್‌ನ ಮೊದಲ ಆಲ್ಬಮ್, ಮೇಡನ್‌ನ 1984ರ ಪವರ್‌ಸ್ಲೇವ್, ಮೆಟಾಲಿಕಾದ 1986ರ ಆಲ್ಬಮ್ ಪೂರ್ತಿ, ಒರಾಯನ್ ನಡುವೆ ಏಳದೆ. ಮೆಗಾಡೆತ್‌ನ 1990ರ ರಸ್ಟ್ ಇನ್ ಪೀಸ್, ಜೂಡಾಸ್ ಪ್ರೀಸ್ಟ್‌ನ ಅದೇ ವರ್ಷದ ಪೇನ್‌ಕಿಲ್ಲರ್. ಒಂದು ಆಲ್ಬಮ್ಮಿಗೆ ಒಂದು ವಾರ ಕೊಡಿ, ಹಾಡುಗಳನ್ನು ಹಿಂದೆ ಮುಂದೆ ಮಾಡಬೇಡಿ. ಪವರ್‌ಸ್ಲೇವ್ ಬದಲು ಸೆವೆಂತ್ ಸನ್ ಇರಬೇಕಿತ್ತು ಅಂತ ಎರಡನೇ ಸಾಲಿನಲ್ಲಿ ಆಗಲೇ ಇಬ್ಬರು ತಲೆ ಅಲ್ಲಾಡಿಸುತ್ತಿದ್ದಾರೆ. ಬನ್ನಿ, ಮೈಕ್ ಇಲ್ಲಿದೆ. ಯಾಕೆ ಅಂತ ಹೇಳಿ, ಮೊದಲು ಎಲ್ಲಿ ಕೇಳಿದಿರಿ ಅನ್ನುವುದರಿಂದ ಶುರು ಮಾಡಿ.